ಒಂದೇ ಬಣ್ಣದ ಎರಡು ಬ್ಯಾಗು

ಸ್ವಾಗತ ಮೇಜಿನ ಹೆಂಗಸು ಕದ್ದು ಕೇಳುವ ಜಾಯಮಾನದವಳಲ್ಲ. ಆದರೆ ಆ ಇಬ್ಬರು ನಿಂತದ್ದೇ ಅವಳ ಮೂಗಿನ ಕೆಳಗೆ. ಒಂದೇ ಗುತ್ತಿಗೆಗೆ ಹಾವು ಮುಂಗುಸಿಯಂತೆ ಕಾದಾಡುವ ಎರಡು ಕಂಪನಿಗಳ ಮ್ಯಾನೇಜರಮ್ಮಂದಿರು, ರಿಜಿಸ್ಟರಿಗೆ ಸಹಿ ಹಾಕುವ ನೆಪದಲ್ಲಿ ಪಿಸುಗುಡುತ್ತಿದ್ದರು.

"ಇದು ನಿನ್ನ ಬ್ಯಾಗು ಕಣೇ."

"ತಮಾಷೆ ಮಾಡ್ಬೇಡ."

"ಒಳಗೆ ನಿಮ್ಮ ಟೆಂಡರ್ ಲಕೋಟೆ ಇದೆ. ಮಂಚದ ಪಕ್ಕ ಎರಡೂ ಒಟ್ಟಿಗೇ ಇಟ್ಟಿದ್ವಲ್ಲ."

"ಒಂದೇ ತರದ್ದು ಬೇಡ ಅಂತ ಅವತ್ತೇ ಬಡ್ಕೊಂಡೆ."

"ಹುಟ್ಟುಹಬ್ಬಕ್ಕೆ ತಂದುಕೊಟ್ಟೋಳು ನೀನೇ."

"ಸರಿ, ಕೊಡು ಇಲ್ಲಿ."

"ನಿಮ್ಮ ಸಾಹೇಬ್ರು ಎದುರಿಗೇ ಕೂತಿದ್ದಾರೆ, ನಮ್ಮೋರು ಅವರ ಪಕ್ಕ. ನಿನ್ನ ಬ್ಯಾಗು ನನ್ನ ಹತ್ರ ಹೇಗೆ ಬಂತು ಅಂದ್ರೆ?"

"...ಲಕೋಟೆ ಒಡೆದು ನೋಡಿಲ್ಲ ತಾನೆ?"

"ಮನೆ ಹೊಸಿಲೊಳಗೆ ಆಫೀಸಿನ ಸುದ್ದಿ ಎತ್ತಬಾರದು ಅಂದೋಳು ನೀನು. ಆರು ವರ್ಷದಲ್ಲಿ ಒಂದು ದಿನ ಎತ್ತಿದೀನಾ?"

"ನಾನು ನಂಬ್ತೀನಿ ಕಣೇ. ಅವರು ನಂಬಬೇಕಲ್ಲ."

"ಏನ್ಮಾಡೋಣ ಈಗ?"

"ಗೊತ್ತಾಗ್ತಿಲ್ಲ. ನೀನೇ ಏನಾದ್ರೂ ಹೇಳೇ."

"ಹನ್ನೊಂದಾಯ್ತು, ಲಕೋಟೆ ಕೊಡೋರು ಬನ್ನಿ," ಎಂದು ಒಳಗಿನಿಂದ ಕರೆ ಬಂತು. ಸಾಹೇಬರಿಬ್ಬರೂ ಎದ್ದರು. ಮ್ಯಾನೇಜರಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ, ಒಬ್ಬರ ಬ್ಯಾಗನ್ನೊಬ್ಬರು ಎದೆಗವಚಿಕೊಂಡು, ತಂತಮ್ಮ ಸಾಹೇಬರ ಹಿಂದೆ ನಡೆದುಹೋದರು.