ಬಂದೂಕಿನ ಮ್ಯಾಲಿನ ಚಾಕ್‌ಪೀಸಿನ ಗೆರಿ

ಹಗೂರ ಬೇಕಂತ, ಹಗೂರ! ಶ್ರುತಿ, ನಿಮ್ಮ ಶೂಟಿಂಗ್ ಕ್ಲಾಸಿನ ಸರ್‌ಗೆ ಹೇಳು, ಟ್ರಿಗರ್ ಹಗೂರ ಮಾಡೋದು ಹುಡುಗಾಟ ಅಲ್ಲ ಅಂತ. ನಗಬ್ಯಾಡ. ಮಿಯಾಪುರದ ಬಾಲ್ಕನಿಯೊಳಗ ಕುಂತು ಚಹಾ ಕುಡಿಯೋ ಮುದುಕ ಅಜ್ಜಗ ಏನ್ ಗೊತ್ತು ಅಂತೀಯಲ್ಲ, ಇಪ್ಪತ್ತೆರಡು ವರ್ಷ ಬಂದೂಕು ಬಿಚ್ಚಿ ಜೋಡಿಸೀನಿ ನಾನು. ಇಪ್ಪತ್ತೆರಡಲ್ಲ, ಇಪ್ಪತ್ಮೂರು. ಇಲ್ಲೇ, ಸರ್ಕಾರಿ ಕಾರ್ಖಾನಿಯೊಳಗ, ಕಾವಲಿನವರ ರೈಫಲ್ ರಿಪೇರಿ ನನ್ನ ಕೆಲಸ. ನಮ್ಮಲ್ಲಿ ಒಂದು ಪದ್ಧತಿ ಇತ್ತವಾ. ಟ್ರಿಗರ್ ರಿಪೇರಿ ಮಾಡಿದ ಬಂದೂಕನ್ನ, ಗುಂಡು ಹಾಕಬಾರದು ಮತ್ತ, ಖಾಲಿ ಬಂದೂಕಿನ ಬೋಲ್ಟ್ ಎಳದು ರಬ್ಬರ್ ಚಾಪಿ ಮ್ಯಾಲೆ ಮೂರು ಸಲ ಕುಟ್ಟಬೇಕು. ಟ್ರಿಗರ್ ಎಳೀಲಾರದ ತಾನ ಟಕ್ ಅನ್ಲಿಲ್ಲಂದ್ರ ಅದರ ಕಟ್ಟಿಗಿ ಮ್ಯಾಲೆ ಚಾಕ್‌ಪೀಸಿನಿಂದ ಒಂದು ಗೆರಿ. ಆ ಗೆರಿ ಅಂದ್ರ ನನ್ನ ಮಾತು.

ಕಾವಲಿನಾಗ ಮಲ್ಲಯ್ಯ ಅಂತ ಇದ್ದ, ವರಂಗಲ್ ಕಡಿಯ ತೆಲುಗಿನಾಂವ, ದಿನಾ ನನ್ನ ಡಬ್ಬಿಯೊಳಗಿನ ರೊಟ್ಟಿ ಕಸಗೊಂಡು ತಿನ್ನಾಂವ. ಭಾಳ ಚಲೋ ಗುರಿಕಾರ. ಬಂದೂಕಿನ ಸ್ಪರ್ಧಾ ಬಂತು. ನಮ್ಮ ಕಾರ್ಖಾನಿ ಸಾಹೇಬ ಮಲ್ಲಯ್ಯನ ಬಂದೂಕು ತಂದು "ಇಸ್ಕಾ ಟ್ರಿಗರ್ ಹಲ್ಕಾ ಕರೋ, ಜಲ್ದಿ, ಗಾಡಿ ನಿಂತೈತಿ" ಅಂದ, ಟ್ರಿಗರ್ ಹಗೂರ ಮಾಡಂತ. "ಭಾಳ ಹಗೂರ ಮಾಡಿದ್ರ ಪೆಟ್ಟು ಬಿದ್ದಕೂಡ್ಲೇ ಹಾರತೈತ್ರಿ ಸಾಹೇಬ್ರ" ಅಂದೆ. "ನನಗ ಕಲಸ್ತೀಯೇನು ನೀ?" ಅಂದ. ನಾ ಇನ್ನೂ ಪರ್ಮನೆಂಟ್ ಆಗಿರ್ಲಿಲ್ಲವಾ, ನಿಮ್ಮಪ್ಪ ನಿಮ್ಮಜ್ಜಿ ಹೊಟ್ಟಿಯೊಳಗಿದ್ದ. ಕಾನಸು, ಅಂದ್ರ ಅರ, ತಗೊಂಡು ತಿಕ್ಕಿದೆ, ಜೋಡಿಸಿದೆ. ಕುಟ್ಟಲಿಲ್ಲ. ಕುಟ್ಟಲಾರದ ಗೆರಿ ಎಳದೆ, ಯವ್ವಾ, ಕುಟ್ಟಲಾರದ! ಮಲ್ಲಯ್ಯ ಕೇಳಿದ, "ಅನ್ನಾ, ಚೂಸಿನವಾ?" ಕುಟ್ಟಿ ನೋಡೀಯೇನು ಅಂತ. "ಗೆರಿ ಕಾಣವಲ್ದೇನೋ?" ಅಂದೆ. ನಕ್ಕೋತ ಹೋದ.

ಮೈದಾನದಾಗ ಗುಂಡು ತುಂಬಿ, ತನ್ನ ಪಾಳಿ ಬರೋತನಕ ಅಂತ ಬಂದೂಕು ಕಲ್ಲಿನ ಮ್ಯಾಲೆ ಊರ್ಯಾನ. ಬಲಗೈ ನಳಿಕಿ ತುದಿಗಿತ್ತು. ಹಂಗ ಇಡಬಾರದು, ಖರೆ. ಆದ್ರ ಟ್ರಿಗರ್ ಮುಟ್ಟಿಲ್ಲ ಅವ. ಊರಿದ್ದಕ್ಕೇ ಢಂ ಅಂತು. ಮೂರು ಬೆರಳು ಹೋದವು.

ವಿಚಾರಣಿಗೆ ಮೊದಲ ಆ ಬಂದೂಕು ನನ್ನ ಮೇಜಿಗೇ ಬಂತು. ಗೆರಿ ಹಂಗೇ ಇತ್ತು. ಹೆಬ್ಬೆರಳಿನಿಂದ ಒರಸಿಬಿಟ್ಟೆ. "ಗೆರಿ ಇಲ್ಲದ ಬಂದೂಕು ಒಯ್ದಾನ, ಅವಂದೇ ತಪ್ಪು" ಅಂತ ಸಾಹೇಬ ಬರದ. "ಹೌದ್ರಿ" ಅಂದೆ ನಾನು. ಮಲ್ಲಯ್ಯನ ನೌಕರಿ ಹೋತು, ನಂದು ಪರ್ಮನೆಂಟ್ ಆತು. ಥೂ ನನ್ನ ಜನ್ಮಕ್ಕಿಷ್ಟು! ಗೇಟಿನ ಹತ್ರ ಸಿಕ್ಕಾಗ ಬೈಲಿಲ್ಲ ಅವ. ಕೈಗೆ ಪಟ್ಟಿ ಸುತ್ತಿತ್ತು. "ಅನ್ನಾ, ಗೆರಿ ಇತ್ತು, ನಾ ನೋಡಿದ್ದೆ" ಅಂದ, ಅಷ್ಟ.

ಅದಕ್ಕ ಹೇಳಾಕತ್ತೀನಿ. ಯಾರು ಎಷ್ಟೇ ಅವಸರ ಮಾಡ್ಲಿ, ಬೈಸಿಕೋ, ಆದ್ರ ಪರೀಕ್ಷಾ ಮಾಡೋದು ಬಿಡಬ್ಯಾಡ. ರುಚಿ ನೋಡಲಾರದ, ಉಪ್ಪು ಸರಿ ಐತಿ ಅಂತ ಸಾರು ಇನ್ನೊಬ್ಬರಿಗೆ ಬಡಿಸಬಾರದವಾ.