ಮೂರನೇ ಕಾಫಿ

ಫಿಕ್ರೆಟಾಳಿಗೆ ಕದ್ದು ಕೇಳುವ ಚಾಳಿಯಿಲ್ಲ. ಆದರೆ ಸರಾಯೆವೊ ಬಸ್ ನಿಲ್ದಾಣದಲ್ಲಿ ಅವಳ ಪಕ್ಕ ಕೂತಿದ್ದ ಅಜ್ಜಿಯ ದನಿ ಆಚೆ ಬೀದಿಗೂ ಕೇಳುವಂತಿತ್ತು. ಜೊತೆಗಿದ್ದ ಮೊಮ್ಮಗಳು ರೇಗುತ್ತಿದ್ದಳು.

"ನಿನ್ನಿಂದ ಮಧ್ಯಾಹ್ನದ ಬಸ್ಸು ತಪ್ಪಿಹೋಯ್ತು ಅಜ್ಜಿ. ಊರು ನೋಡೋಕೆ ಅಂತ ಬಂದು, ಒಂದೇ ಮನೇಲಿ ಕೂತ್ಬಿಟ್ಟೆ."

"ಅದು ನನ್ನ ಮನೆ ಕಣೇ."

"ಆಗಿತ್ತು. ಯುದ್ಧ ಮುಗಿದ್ಮೇಲೆ ನೀನೇ ಮಾರಿದ್ಯಲ್ಲ, ಬಂದು ನೋಡದೇನೇ. ಈಗದು ಝುಮ್ರಾ ಅವರದು."

"ಒಳ್ಳೇ ಹೆಂಗಸು. ಬಾಗಿಲು ತೆಗೆದವಳೇ ಬರಮಾಡ್ಕೊಳ್ಳೋ ಕಾಫಿ ಕೊಟ್ಲು. ಆಮೇಲೆ ಮಾತಿನ ಕಾಫಿ."

"ಎರಡೂ ಆಯ್ತಲ್ಲ, ಏಳಬಾರದಿತ್ತಾ?"

"ಮೂರನೇದು ಬರದೆ ಹೇಗೆ ಏಳ್ಲಿ? 'ಇನ್ನು ಹೊರಡಿ' ಅನ್ನೋಕೆ ತಾನೇ ಅದನ್ನ ಕೊಡೋದು? ನಿಮ್ಮ ಲುಬ್ಲಿಯಾನಾದಲ್ಲಿ ಹೇಗೋ, ನಮ್ಮಲ್ಲಿ ಹಾಗೆ."

"ಅವರು ತರಲೇ ಇಲ್ವಲ್ಲ! ಮಾತಿನ ಕಾಫೀನೇ ಮತ್ತೆ ಮತ್ತೆ ಬಗ್ಗಿಸ್ತಿದ್ರು. ಕೊನೆಗೆ ನಾನೇ ನಿನ್ನ ಎಳ್ಕೊಂಡು ಬರಬೇಕಾಯ್ತು."

"ಅಡುಗೆಮನೆಗೆ ಹೋಗಿ ನಾನೇ ಕೇಳ್ದೆ. ಏನಂದ್ಲು ಗೊತ್ತಾ? 'ಈ ಮನೇಲಿ ನಿಮಗೆ ಆ ಕಾಫಿ ಮಾತ್ರ ಕೊಡೋಕೆ ನನ್ನ ಕೈಯಿಂದ ಆಗಲ್ಲ ಅಕ್ಕ' ಅಂದ್ಲು."

ಅಷ್ಟರಲ್ಲಿ ಲುಬ್ಲಿಯಾನಾ ಬಸ್ಸು ಬಂದು ನಿಂತಿತು. ಮೊಮ್ಮಗಳು ಅಜ್ಜಿಯ ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಬಾ, ಹತ್ತು. ಹೊರಡೋಣ."

"ಹೊರಡೋದು ನೀನು ಪುಟ್ಟಿ, ನಾನು ಬರೀ ಜೊತೆಗೆ ಬರ್ತೀನಿ," ಎಂದು ಅಜ್ಜಿ ನಗುತ್ತಲೇ ಬಸ್ಸಿನ ಮೆಟ್ಟಿಲೇರಿದಳು. "ಗುಂಡು ಹಾರ್ತಿದ್ದಾಗ ಓಡಿದ್ನಲ್ಲ, ಅವತ್ತೂ ಯಾರೂ ನಂಗೆ ಮೂರನೇ ಕಾಫಿ ಕೊಟ್ಟಿರಲಿಲ್ಲ. ನಾನಿನ್ನೂ ಆ ಮನೆಯಿಂದ ಎದ್ದೇ ಇಲ್ಲ."