ಖಾಲಿ ಬಿಟ್ಟ ಮೂರನೇ ಖಾನೆ

ತಲೆ ಅಲ್ಲಾಡಿಸಬೇಡ! ಆ ಚಾರ್ಟ್ ಸುತ್ತಿ ಬ್ಯಾಗಿಗೆ ಹಾಕು ಅಂದೆ. ಹಾಕು!... ಏನು, ಅಪ್ಪ ಅಂತ ಸಲಿಗೆನಾ? ಈ ಕ್ಲಾಸ್ ರೂಮಲ್ಲಿ ನಾನು ನಿನಗೆ ಅಪ್ಪ ಅಲ್ಲ ಕಣೆ, ಲೆಕ್ಕದ ಮೇಷ್ಟ್ರು.

ಎಲ್ಲಾ ಆ ಲೈಬ್ರರಿ ಮೇಡಂ ಹಚ್ಚಿದ ಬೆಂಕಿ. ಮೊಬೈಲಿಗೆ ಬಂದಿದ್ದನ್ನೆಲ್ಲ ನಂಬಬಾರದಂತೆ, ಯಾರು ಹೇಳಿದ್ದು, ಎಲ್ಲಿಂದ ಬಂತು ಅಂತ ಕೇಳಬೇಕಂತೆ. ಕೇಳ್ಕೊಳ್ಳಿ, ಲೈಬ್ರರಿಲೇ ಕೂತು ಕೇಳ್ಕೊಳ್ಳಿ! ಊಹೂಂ, ಎಲ್ಲಾ ಪಾಠದಲ್ಲೂ ಕೇಳಬೇಕಂತೆ. ವಿಜ್ಞಾನದಲ್ಲಿ ಕೇಳು, ಡ್ರಾಯಿಂಗಲ್ಲಿ ಕೇಳು, ಕೊನೆಗೆ ನನ್ನ ಪೀರಿಯಡ್ಡಿಗೂ ಕೈ ಹಾಕಿದ್ರು. ನನ್ನ ಸಿಲಬಸ್ ಯಾರು ಮುಗಿಸೋದು, ಅವರ ತಾತ ಬಂದು ಮುಗಿಸ್ತಾರಾ?

ಕೇಳೋಕೆ ಸಿಕ್ಕಿದ್ದಾದರೂ ಏನು? ನಮ್ಮ ಶಾಲೆ ವ್ಯಾನ್ ಡ್ರೈವರ್ ಫೋಟೋ! ಕೈಯಲ್ಲಿ ಬಾಟ್ಲಿ, ಸ್ಟೀರಿಂಗ್ ಮೇಲೆ ತಲೆ. ‘ಇವನ ಕೈಲಾ ನಮ್ಮ ಮಕ್ಕಳು?’ ಅಂತ ಕೆಳಗೆ ಒಂದು ಸಾಲು. ಅಪ್ಪ ಅಮ್ಮಂದಿರೆಲ್ಲ ಮೊಬೈಲಲ್ಲಿ ನೋಡಿದ್ರು, ಎರಡೇ ದಿನಕ್ಕೆ ಅವನನ್ನ ಕೆಲಸದಿಂದ ತೆಗೆದ್ರು. ಮುಗೀತಲ್ಲ! ಮುಗಿದಿದ್ದನ್ನ ಕೆದಕೋಕೆ ನೀವ್ಯಾರು? ಅವನು ಹದಿನೈದು ದಿನದಿಂದ ಮನೇಲಿ ಕೂತಿದ್ರೆ ನಾನೇನು ಮಾಡ್ಲಿ?

ಚಾರ್ಟ್ ಮೇಲೆ ಬೆರಳಿಟ್ಟು ಏನು ತೋರಿಸ್ತೀಯಾ? ಓದಿದೀನಿ, ನಂಗೂ ಕಣ್ಣಿದೆ. ಮೊದಲನೇ ಖಾನೆ, ಯಾವಾಗ ತೆಗೆದದ್ದು? ಫೋಟೋದಲ್ಲಿರೋ ಧ್ವಜಕಂಬದ ನೆರಳು ಅಳೆದು ಮಧ್ಯಾಹ್ನ ಹನ್ನೆರಡೂವರೆ ಅಂತ ಬರೆದಿದೀರಿ. ಊಟದ ಹೊತ್ತು, ವ್ಯಾನಲ್ಲಿ ಒಂದು ಮಗೂನೂ ಇರಲಿಲ್ಲ, ಬಾಟ್ಲಿ ಕೆಮ್ಮಿನ ಔಷಧಿದು... ಜಾಣರು! ನೆರಳಿನ ಲೆಕ್ಕ ಹೇಳ್ಕೊಟ್ಟಿದ್ದು ಯಾರು? ನಾನು! ಇದೇ ಬೋರ್ಡ್ ಮುಂದೆ, ಗಂಟಲು ಹರ್ಕೊಂಡು! ಅದನ್ನೇ ತಂದು ನನ್ನ... ಅಲ್ಲ, ಶಾಲೆ ಮುಖಕ್ಕೆ ಹೊಡೀತೀರಾ?

ಎರಡನೇದು, ಎಲ್ಲಿಂದ ತೆಗೆದದ್ದು? ಮೇಲಿನ ಮಹಡಿಯಿಂದ, ಈ ಸಾಲಿನ ಯಾವುದೋ ರೂಮಿಂದ. ಮೂರನೇದು, ಯಾರು ತೆಗೆದದ್ದು? ಖಾಲಿ! ನೋಡು, ಗೊತ್ತಿಲ್ಲ ತಾನೆ? ಈ ಅರ್ಧಂಬರ್ಧ ಚಾರ್ಟ್ ಇಟ್ಕೊಂಡು ನಾಲ್ಕು ಗಂಟೆ ಪೋಷಕರ ಮೀಟಿಂಗಲ್ಲಿ ಎಲ್ಲರ ಮುಂದೆ ನಿಲ್ತೀಯಾ? ಅವನನ್ನ ವಾಪಸ್ ಕರೀರಿ ಅಂತೀಯಾ?

ಆ ಕಡೆ ಏನು ನೋಡ್ತೀಯಾ? ಕಿಟಕಿಲಿ ಏನಿದೆ? ಸರಳು ಬಾಗಿದೆ. ಬಾಗಿದ್ರೆ ಏನೀಗ? ಫೋಟೋದಲ್ಲಿ ಆ ಸರಳು ಎಲ್ಲಿದೆ, ತೋರಿಸು! ಇಲ್ಲ! ಆ ಮೂಲೇನ ನಾನೇ ಕತ್ತರಿಸಿ...

...

ಹಾಗೆ ನನ್ನನ್ನೇ ನೋಡಬೇಡ. ಅವತ್ತು ಬೆಳಿಗ್ಗೆ ವ್ಯಾನ್ ಹತ್ತೋಕೆ ನಾನು ಎರಡು ನಿಮಿಷ ತಡ ಕಣೆ, ಎರಡೇ! ಆ ಡ್ರೈವರ್ ನಿಲ್ಲಿಸದೆ ನಮ್ಮ ಬೀದಿ ಕೊನೆವರೆಗೂ ವ್ಯಾನ್ ಹಿಂದೆ ಓಡಿಸಿದ ನನ್ನನ್ನ. ಮಕ್ಕಳೆಲ್ಲ ತಲೆ ಹೊರಗೆ ಹಾಕಿ ನಗ್ತಿದ್ರು. ಒಳಗೆ ನೀನೂ ಇದ್ದೆ. ನೀನೂ ನಕ್ಕೆ!... ಆಮೇಲೆ ನಾನು ಸುಳ್ಳೇನು ಬರೆದೆ? ಪ್ರಶ್ನೆ ತಾನೆ ಹಾಕಿದ್ದು? ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ ಅಂತೀರಲ್ಲ, ನಾನೂ ಒಂದು ಕೇಳಿದೆ!

ಅಳಬೇಡ... ಮೊದಲೇ ಗೊತ್ತಿತ್ತಾ? ನನ್ನ ಮೊಬೈಲಲ್ಲಿ ಕತ್ತರಿಸದ ಫೋಟೋ ನೋಡಿದ್ಯಾ? ಗೊತ್ತಿದ್ದೂ ಖಾಲಿ ಬಿಟ್ಟೆಯಾ? ಮೇಡಂಗೆ ಹೇಳಿದೀಯಾ?... ಹೇಳಿಲ್ವಾ. ಯಾರಿಗೂ ಹೇಳಿಲ್ವಾ.

ಬೆಲ್ ಆಯ್ತು ನೋಡು. ಹೋಗು, ಎಲ್ಲರೂ ಬಂದಿರ್ತಾರೆ... ಯಾಕೆ ನಿಂತಿದೀಯಾ ಮಗಳೇ? ಏನದು? ಪೆನ್ನು ಯಾಕೆ ನನ್ನ ಕೈಗೆ ಕೊಡ್ತಾ ಇದೀಯಾ?